ಬೆಣ್ಣೆ ಊರಿನಿಂದ ಮೋಟು ಬಾಲದ ಬೆಕ್ಕಿನ ಊರಿಗೆ

ಮೊದಲ ದಿನ: ತಲೆ ಆಡಿಸುವ ಡ್ರೈವರ್

ಸೋಫಿಯಾದ ಬಸ್ ನಿಲ್ದಾಣದಲ್ಲಿ ತಮ್ಮ ಡ್ರೈವರ್ ಹತ್ತಿರ ಹೋಗಿ "ಗಾಬ್ರೊವೊ?" ಎಂದು ಕೇಳಿದ. ಡ್ರೈವರ್ ತಲೆಯನ್ನು ಅಡ್ಡಡ್ಡ ಆಡಿಸಿದ.

"ಅಕ್ಕಾ, ಇದಲ್ಲವಂತೆ," ಎಂದ ತಮ್ಮ. ನಾವು ಬ್ಯಾಗು ಎಳೆದುಕೊಂಡು ಪಕ್ಕಕ್ಕೆ ನಿಂತೆವು. ಬಸ್ ಹೊರಡಲು ಎರಡು ನಿಮಿಷ ಇದ್ದಾಗ ಅಜ್ಜಿಯೊಬ್ಬರು ನಮ್ಮ ಕೈಯಲ್ಲಿದ್ದ ಟಿಕೆಟ್ ನೋಡಿದರು. ಆಮೇಲೆ ನನ್ನ ರಟ್ಟೆ ಹಿಡಿದು ಅದೇ ಬಸ್ಸಿಗೆ ಹತ್ತಿಸಿಬಿಟ್ಟರು.

ಬಲ್ಗೇರಿಯಾದಲ್ಲಿ ತಲೆ ಅಡ್ಡಡ್ಡ ಆಡಿಸಿದರೆ ಹೌದು, ಮೇಲೆ ಕೆಳಗೆ ಆಡಿಸಿದರೆ ಇಲ್ಲ. ಹೋಗುವ ಮೊದಲೇ ಓದಿದ್ದೆವು. ಆದರೆ ಓದಿದ್ದು ತಲೆಯಲ್ಲಿ ಇರುತ್ತದೆ, ಕತ್ತಿಗೆ ಗೊತ್ತಿರುವುದಿಲ್ಲ ಅಲ್ವಾ? ಅದರಲ್ಲೂ ನಮ್ಮ ಕಡೆಯವರ ತಲೆ ಅಡ್ಡವೂ ಅಲ್ಲ, ಉದ್ದವೂ ಅಲ್ಲ, ಬುಗುರಿಯ ಹಾಗೆ ಓಲಾಡುತ್ತದೆ. ಅದನ್ನು ಅಲ್ಲಿಯವರು ಹೌದು ಎಂದೇ ಓದುತ್ತಾರೆ. ನಾನು ಬೇಡ ಅನ್ನಲಿ, ಆಮೇಲೆ ನೋಡೋಣ ಅನ್ನಲಿ, ತಟ್ಟೆಗೆ ಇನ್ನೊಂದು ತುಂಡು ಬಂದು ಬೀಳುತ್ತಿತ್ತು. ಎರಡನೇ ದಿನದಿಂದ ಕತ್ತು ಬಿಗಿಯಾಗಿ ಹಿಡಿದುಕೊಂಡು ಬಾಯಲ್ಲೇ 'ದಾ', 'ನೆ' ಎಂದು ಹೇಳುವುದನ್ನು ಅಭ್ಯಾಸ ಮಾಡಿಕೊಂಡೆವು.

ಗಾಬ್ರೊವೊಗೇ ಯಾಕೆ ಎಂದು ಎಲ್ಲರೂ ಕೇಳಿದರು. ಸ್ಟುಟ್‌ಗಾರ್ಟಿನಲ್ಲಿ ಕೆಲಸ ಮಾಡುವ ತಮ್ಮನಿಗೆ ಹತ್ತು ದಿನ ರಜೆ ಇತ್ತು. ನಾನು ಅವನ ಮನೆಗೆ ಹೋಗಿದ್ದೆ. ಗ್ರೀಸ್ ಅಂದ, ಇಟಲಿ ಅಂದ. ನನ್ನ ಕಣ್ಣಿಗೆ ಬಿದ್ದದ್ದು ನಕ್ಷೆಯ ಪಕ್ಕದ ಒಂದು ಸಾಲು: 'ಬಲ್ಗೇರಿಯಾದ ಮ್ಯಾಂಚೆಸ್ಟರ್'. ನಾವು ದಾವಣಗೆರೆಯವರು. 'ಕರ್ನಾಟಕದ ಮ್ಯಾಂಚೆಸ್ಟರ್' ಎಂಬ ಮಾತು ಕೇಳುತ್ತಲೇ ಬೆಳೆದೆವು. ಅಪ್ಪ ಹತ್ತಿ ಮಿಲ್ಲಿನಲ್ಲಿ ರಿಂಗ್ ಫ್ರೇಮ್ ಎಂಬ ನೂಲುವ ಯಂತ್ರದ ಕೆಲಸಕ್ಕಿದ್ದರು. ನಾವು ಹೈಸ್ಕೂಲು ಮುಗಿಸುವ ಹೊತ್ತಿಗೆ ಮಿಲ್ಲುಗಳು ಒಂದೊಂದಾಗಿ ಬಾಗಿಲು ಹಾಕಿದ್ದವು. ಹೆಸರು ಮಾತ್ರ ಉಳಿಯಿತು. ಇನ್ನೊಂದು ಮ್ಯಾಂಚೆಸ್ಟರ್ ಏನು ಮಾಡಿಕೊಂಡಿದೆ ನೋಡೋಣ ಅನಿಸಿತು.

ಸೋಫಿಯಾದಿಂದ ಮೂರೂವರೆ ಗಂಟೆಯ ದಾರಿ. ಮೊದಲು ಬೆಟ್ಟ, ಸುರಂಗ. ಆಮೇಲೆ ಕೊಯ್ಲು ಮುಗಿದ ಸೂರ್ಯಕಾಂತಿ ಹೊಲ, ಸುಟ್ಟ ರೊಟ್ಟಿಯ ಹಾಗೆ ಕಪ್ಪಗೆ ನಿಂತ ದಂಟುಗಳು. ಸೆವ್ಲಿಯೆವೊ ಹತ್ತಿರ ಮನೆಗಳ ಮುಂದೆ ಕುಂಬಳಕಾಯಿ ರಾಶಿ. ಅಲ್ಲಿಂದ ಮುಂದೆ ಬಾಲ್ಕನ್ ಬೆಟ್ಟಸಾಲು ದಕ್ಷಿಣಕ್ಕೆ ಗೋಡೆಯ ಹಾಗೆ ಏಳುತ್ತದೆ. ಅದರ ಬುಡದಲ್ಲೇ ಗಾಬ್ರೊವೊ.

ಊರಿನ ಜನ ಐವತ್ತು ಸಾವಿರದ ಆಸುಪಾಸು. ಉದ್ದ ಮಾತ್ರ ಸುಮಾರು 25 ಕಿಲೋಮೀಟರ್! ಯಾಂತ್ರಾ ನದಿಯ ಎರಡು ದಡಕ್ಕೂ ಅಂಟಿಕೊಂಡು ಊರು ದಾರದ ಹಾಗೆ ಎಳೆದುಕೊಂಡು ಹೋಗಿದೆ. ಉಣ್ಣೆ ತೊಳೆಯಲು, ಬಣ್ಣ ಹಾಕಲು, ಚರ್ಮ ಹದ ಮಾಡಲು ನೀರು ಬೇಕು. ಹಾಗಾಗಿ ಎಲ್ಲರೂ ನದಿ ಹಿಡಿದೇ ಕೂತರು. ಇವಾನ್ ಕಲ್ಪಜಾನೊವ್ ಎಂಬ ವ್ಯಾಪಾರಿ ಇಲ್ಲಿ ಮೊದಲ ಉಣ್ಣೆ ಬಟ್ಟೆ ಕಾರ್ಖಾನೆ ತೆರೆದದ್ದು 1882ರಲ್ಲಿ. ಆಮೇಲೆ ಬಂದವು ಒಂದರ ಹಿಂದೆ ಒಂದು.

ನಾವು ಉಳಿದದ್ದು ಒಬ್ಬ ಅಜ್ಜಿಯ ಮನೆಯ ಮಹಡಿಯಲ್ಲಿ. ಎಪ್ಪತ್ತು ದಾಟಿದವರು. "ನನ್ನನ್ನು ಬಾಬಾ ಅನ್ನಿ," ಎಂದು ಎದೆ ತಟ್ಟಿಕೊಂಡರು. ಅವರ ಭಾಷೆಯಲ್ಲಿ ಬಾಬಾ ಎಂದರೆ ಅಜ್ಜಿ. ನಮಗೋ ಬಾಬಾ ಅಂದಕೂಡಲೇ ಗಡ್ಡ, ಕಾವಿ ಕಣ್ಣ ಮುಂದೆ ಬರುತ್ತದೆ. ತಮ್ಮ ನಗು ತಡೆಯಲಾರದೆ ಬ್ಯಾಗು ತರುವ ನೆಪದಲ್ಲಿ ಕೆಳಗೆ ಇಳಿದ.

ಸಂಜೆ ನದಿ ದಂಡೆಯಲ್ಲಿ ನಡೆದೆವು. ನೀರಿನ ಮಧ್ಯೆ ಒಂದು ಬಂಡೆ, ಅದರ ಮೇಲೆ ಕಮ್ಮಾರನ ಪ್ರತಿಮೆ. ರಾಚೊ ಎಂಬ ಈ ಕಮ್ಮಾರ ಒಂದು ಗಾಬರ್ ಮರದ ಪಕ್ಕ ಕುಲುಮೆ ಹಾಕಿದ, ಮರದ ಹೆಸರೇ ಊರಿಗೆ ಬಂತು ಎಂಬುದು ಕತೆ. ಊರು ಕಟ್ಟಿದವನು ರಾಜನಲ್ಲ, ಸಂತನಲ್ಲ, ಕಮ್ಮಾರ. ನನಗೆ ಇದು ಬಹಳ ಹಿಡಿಸಿತು. "ಪ್ರತಿಮೆಯನ್ನು ನದಿ ಮಧ್ಯೆ ಯಾಕೆ ಇಟ್ಟಿದ್ದಾರೆ ಗೊತ್ತಾ? ಊರೊಳಗೆ ಜಾಗ ದುಬಾರಿ ಅಂತ," ಎಂದರು ಸೇತುವೆ ಮೇಲೆ ನಿಂತಿದ್ದ ಒಬ್ಬರು, ಜರ್ಮನ್ ಭಾಷೆಯಲ್ಲಿ. ನಮಗೆ ಸಿಕ್ಕ ಮೊದಲ ಗಾಬ್ರೊವೊ ಜೋಕು ಅದು.

ಎರಡನೇ ದಿನ: ನಗುವಿನ ಮನೆ

ಬೆಳಿಗ್ಗೆ ಬೀದಿ ಬದಿಯ ಬೇಕರಿಯಲ್ಲಿ ಬಾನಿತ್ಸಾ ತಿಂದೆವು. ಪದರ ಪದರದ ತೆಳು ಹಿಟ್ಟು, ಒಳಗೆ ಉಪ್ಪುಪ್ಪಾದ ಬಿಳಿ ಚೀಸು. ಜೊತೆಗೆ ಬೊಜಾ ಎಂಬ ಕಂದು ಬಣ್ಣದ ಪಾನೀಯ ಕೊಟ್ಟರು. ಹುದುಗು ಬರಿಸಿದ ಧಾನ್ಯದ್ದು. ತಮ್ಮ ಒಂದು ಗುಟುಕಿಗೇ ಸಾಕು ಎಂದ. ನನಗೆ ಮಾತ್ರ ಬೆಲ್ಲ ಹಾಕಿದ ಹುಳಿ ಅಂಬಲಿಯ ಹಾಗನಿಸಿ ಅವನದ್ದನ್ನೂ ಕುಡಿದೆ.

ಆಮೇಲೆ ಹೋದದ್ದು ಹಾಸ್ಯ ಮತ್ತು ವಿಡಂಬನೆಯ ಮನೆಗೆ. ಇದು ಮ್ಯೂಸಿಯಂ. ತೆರೆದದ್ದು 1972ರ ಏಪ್ರಿಲ್ 1ರಂದು, ಮೂರ್ಖರ ದಿನವೇ. ಕಟ್ಟಡ ಮೊದಲು ಚರ್ಮದ ಕಾರ್ಖಾನೆಯಾಗಿತ್ತು. ನಾನು ಬಾಗಿಲಲ್ಲೇ ಸ್ವಲ್ಪ ಹೊತ್ತು ನಿಂತೆ. ನಮ್ಮೂರಿನಲ್ಲಿ ಮಿಲ್ಲು ಮುಚ್ಚಿದರೆ ಜಾಗ ಸೈಟುಗಳಾಗುತ್ತದೆ. ಇಲ್ಲಿ ಒಂದು ಕಾರ್ಖಾನೆಯನ್ನು ನಗುವುದಕ್ಕೆ ಬಿಟ್ಟುಕೊಟ್ಟಿದ್ದಾರೆ.

ಗಾಬ್ರೊವೊದವರು ಜಿಪುಣರು ಎಂದು ಇಡೀ ಬಲ್ಗೇರಿಯಾ ನಗುತ್ತದೆ. ಇವರು ಸಿಟ್ಟಾಗುವ ಬದಲು ಜೋಕುಗಳನ್ನೆಲ್ಲ ತಾವೇ ಕೂಡಿಟ್ಟು, ಟಿಕೆಟ್ ಇಟ್ಟು ತೋರಿಸುತ್ತಾರೆ. ಇದಕ್ಕಿಂತ ದೊಡ್ಡ ಜಿಪುಣತನದ ಜೋಕು ಯಾವುದಿದೆ?

ಊರಿನ ಗುರುತು ಬಾಲ ಕತ್ತರಿಸಿದ ಕಪ್ಪು ಬೆಕ್ಕು. ಚಳಿಗಾಲದಲ್ಲಿ ಬೆಕ್ಕು ಹೊರಗೆ ಹೋಗುವಾಗ ಬಾಲ ದಾಟುವವರೆಗೂ ಬಾಗಿಲು ತೆರೆದಿಡಬೇಕು, ಅಷ್ಟರಲ್ಲಿ ಒಲೆಯ ಬಿಸಿ ಹೊರಗೆ ಹೋಗುತ್ತದೆ. ಹಾಗಾಗಿ ಬಾಲವನ್ನೇ ಕತ್ತರಿಸಿದರಂತೆ! ನಿಜವಾಗಿ ಯಾರೂ ಕತ್ತರಿಸುವುದಿಲ್ಲ, ಬೀದಿಯಲ್ಲಿ ಕಂಡ ಬೆಕ್ಕುಗಳೆಲ್ಲ ಉದ್ದ ಬಾಲ ಎತ್ತಿಕೊಂಡೇ ಓಡಾಡುತ್ತಿದ್ದವು. ಆದರೆ ಮೇ ತಿಂಗಳ ಕಾರ್ನಿವಲ್ಲಿನಲ್ಲಿ ಒಂದು ಬೊಂಬೆ ಬೆಕ್ಕಿನ ಬಾಲ ಕತ್ತರಿಸುವ ಶಾಸ್ತ್ರ ಇದೆ.

ಇನ್ನಷ್ಟು ಜೋಕುಗಳು: ಚಕ್ರದ ಹಲ್ಲು ಸವೆಯುತ್ತವೆ ಎಂದು ರಾತ್ರಿ ಗಡಿಯಾರ ನಿಲ್ಲಿಸುತ್ತಾರೆ. ಕತ್ತೆಗೆ ಹಸಿರು ಕನ್ನಡಕ ಹಾಕಿ ಮರದ ಹೊಟ್ಟನ್ನು ಹುಲ್ಲು ಎಂದು ತಿನ್ನಿಸುತ್ತಾರೆ. ಪಕ್ಕದ ಊರಿನ ಬ್ಯಾಂಡು ಕೇಳಿಸಲಿ ಎಂದು ಮೆತ್ತನೆ ಚಪ್ಪಲಿ ಹಾಕಿ ಕುಣಿಯುತ್ತಾರೆ. ಇನ್ನೊಂದು ಇದೆ: ನೆಂಟರು ಬಂದರೆ ಬೆಣ್ಣೆಯ ಜೊತೆ ಚಾಕುವನ್ನು ಬಿಸಿ ಮಾಡಿ ಕೊಡುತ್ತಾರಂತೆ. ಬಿಸಿ ಚಾಕುವಿಗೆ ಬೆಣ್ಣೆ ಕರಗುತ್ತದೆ, ಎತ್ತಿಕೊಳ್ಳಲು ಬರುವುದಿಲ್ಲ.

ಇದನ್ನು ಅಪ್ಪನಿಗೆ ಹೇಳಲೇಬೇಕಿತ್ತು. ಮೆಟ್ಟಿಲ ಮೇಲೆ ಕೂತು ವಿಡಿಯೋ ಕಾಲ್ ಮಾಡಿದೆ. ಅಪ್ಪ ಪೂರ್ತಿ ಕೇಳಿದರು. "ಬೆಣ್ಣೆಗೆ ಬಿಸಿ ಚಾಕೂನಾ? ಇಲ್ಲಿಗೆ ಬಂದು ಯಾರಿಗೂ ಹೇಳಬ್ಯಾಡವ್ವ. ನಮ್ಮ ದೋಸೆ ಹೋಟ್ಲಿನವರು ನಾಳೆಯಿಂದಾನೇ ಶುರು ಹಚ್ಚಿಕೊಳ್ತಾರೆ," ಎಂದರು. ಗಡಿಯಾರದ ಜೋಕಿಗೆ ಮಾತ್ರ ನಗಲಿಲ್ಲ. "ನಮಗೆ ಮಿಲ್ಲಿನ ಸೈರನ್ನೇ ಗಡಿಯಾರ ಆಗಿತ್ತು. ಅದನ್ನೂ ನಿಲ್ಲಿಸಿದ್ರಲ್ಲ," ಎಂದು ಫೋನು ಅಮ್ಮನಿಗೆ ಕೊಟ್ಟರು.

ಮ್ಯೂಸಿಯಂನವರ ಧ್ಯೇಯವಾಕ್ಯ: 'ಜಗತ್ತು ಉಳಿದಿದೆ, ಯಾಕೆಂದರೆ ಅದು ನಕ್ಕಿದೆ.' ಒಳಗೆ ದೇಶ ದೇಶಗಳ ವ್ಯಂಗ್ಯಚಿತ್ರ, ಮುಖವಾಡಗಳಿವೆ. ಎಲ್ಲವೂ ನಗು ತರಿಸುತ್ತವೆ ಎಂದರೆ ಸುಳ್ಳಾಗುತ್ತದೆ. ವಿಡಂಬನೆಗೆ ಆ ಕಾಲದ ರಾಜಕೀಯ ಗೊತ್ತಿರಬೇಕು, ನಮಗೆ ಗೊತ್ತಿರಲಿಲ್ಲ. ಮೂರನೇ ಕೋಣೆಯ ಹೊತ್ತಿಗೆ ತಮ್ಮ ಆಕಳಿಸುತ್ತಿದ್ದ.

ಮೂರನೇ ದಿನ: ನೀರು ಕೆಲಸ ಮಾಡುವ ಹಳ್ಳಿ

ಮಳೆಯೊಂದಿಗೆ ಎದ್ದೆವು. ದೊಡ್ಡ ಹನಿಯಲ್ಲ, ನಮ್ಮ ಮಲೆನಾಡಿನ ಜಿಟಿಜಿಟಿ. ಸಿಟಿ ಬಸ್ಸು ಹಿಡಿದು ಎಂಟು ಕಿಲೋಮೀಟರ್ ದೂರದ ಎಟಾರ್‌ಗೆ ಹೋದೆವು. ಕಂಡಕ್ಟರಿಗೆ ಕೊಡಲು ಚಿಲ್ಲರೆ ಇರಲಿಲ್ಲ. ನಾವು ಹೋದದ್ದು 2025ರ ಸೆಪ್ಟೆಂಬರ್ ಕೊನೆಯಲ್ಲಿ, ಆಗ ಅಲ್ಲಿ ಲೆವ್ ನಡೆಯುತ್ತಿತ್ತು. ಅಂಗಡಿಗಳಲ್ಲಿ ಮಾತ್ರ ಲೆವ್, ಯೂರೋ ಎರಡರಲ್ಲೂ ಬೆಲೆ ಬರೆದಿದ್ದರು. 2026ರ ಜನವರಿಯಿಂದ ಯೂರೋ ಬಂದಿದೆ. ಯಾವ ದುಡ್ಡಾದರೂ ಸಣ್ಣ ನೋಟು ಇಟ್ಟುಕೊಳ್ಳಿ. ಇಲ್ಲದಿದ್ದರೆ ನಮ್ಮ ಹಾಗೆ ಇಡೀ ಬಸ್ಸಿನವರು ಪರ್ಸು ತೆಗೆದು ಚಿಲ್ಲರೆ ಹುಡುಕುವ ಹಾಗಾಗುತ್ತದೆ. ಜಿಪುಣರ ಊರಂತೆ! ಮೂರು ಜನ ತಮ್ಮ ಕೈಯಿಂದಲೇ ಟಿಕೆಟ್ ದುಡ್ಡು ಕೊಡಲು ಬಂದರು.

ಎಟಾರ್ ಒಂದು ಬಯಲು ಮ್ಯೂಸಿಯಂ. ಲಾಜಾರ್ ದೊಂಕೊವ್ ಎಂಬವರು ಹಟ ಹಿಡಿದು ಕಟ್ಟಿದ್ದು, 1964ರಲ್ಲಿ ತೆರೆದದ್ದು. ಹಳ್ಳದ ಪಕ್ಕ ಕಲ್ಲು ಹಾಸಿದ ಬೀದಿ. ಮೇಲಿನ ಮಹಡಿ ಬೀದಿಯ ಮೇಲೆ ಚಾಚಿದ ಮರದ ಮನೆಗಳು. ಕೆಳಗೆ ಕುಸುರಿಗಾರರ ಅಂಗಡಿಗಳು: ತಾಮ್ರದವರು, ಚಾಕು ಮಾಡುವವರು, ಕುಂಬಾರರು. ಮ್ಯೂಸಿಯಂ ಎಂದರೆ ಗಾಜಿನ ಪೆಟ್ಟಿಗೆ ಎಂದುಕೊಂಡವರಿಗೆ ಇಲ್ಲಿ ಸುತ್ತಿಗೆಯ ಸದ್ದು ಕೇಳುತ್ತದೆ.

ನಾನು ಅರ್ಧ ದಿನ ಕಳೆದದ್ದು ನೀರಿನ ಯಂತ್ರಗಳ ಹತ್ತಿರ. ಹಳ್ಳದಿಂದ ಕಾಲುವೆ ತಿರುಗಿಸಿ, ಮರದ ದೋಣಿಯಲ್ಲಿ ಹರಿಸಿ, ಆ ನೀರಿನಿಂದಲೇ ಎಲ್ಲ ಕೆಲಸ. ಒಂದು ಕಡೆ ಗಿರಣಿ, ಒಂದು ಕಡೆ ಮರ ಕೊಯ್ಯುವ ಗರಗಸ. ಒಂದು ಕಡೆ ಉಣ್ಣೆ ಬಟ್ಟೆಯನ್ನು ಬಡಿದು ಬಿಗಿ ಮಾಡುವ ಮರದ ಕೊಡತಿಗಳು. ಇನ್ನೊಂದು ಕಡೆ ನೆಲದಲ್ಲಿ ಹೂತ ಹಲಗೆಯ ದೊಡ್ಡ ಬಾನಿ. ಮೇಲಿನಿಂದ ನೀರು ರಭಸವಾಗಿ ಬಿದ್ದು ಒಳಗೆ ಸುಳಿ ಏಳುತ್ತದೆ. ಹಾಸು, ಕಂಬಳಿ ಎಲ್ಲ ಅದರಲ್ಲಿ ಗಿರಗಿರ ತಿರುಗಿ ತೊಳೆದುಕೊಳ್ಳುತ್ತವೆ. ಇದರ ಹೆಸರು ವಾಲ್ಯಾವಿತ್ಸಾ. ಸೋಪಿಲ್ಲ, ಕರೆಂಟಿಲ್ಲ. ಚಳ್ಳಕೆರೆ ಕಡೆಯ ಕಂಬಳಿಯನ್ನು ಅಜ್ಜಿ ಕಾಲಲ್ಲಿ ತುಳಿದು ಒಗೆಯುತ್ತಿದ್ದದ್ದು ನೆನಪಾಯಿತು. ಅವಳಿಗೆ ಇದನ್ನು ತೋರಿಸಬೇಕಿತ್ತು.

ಇನ್ನೊಂದು ಮನೆಯಲ್ಲಿ ಗೈತಾನ್ ಹೆಣೆಯುವ ಚಕ್ರಗಳು. ಗೈತಾನ್ ಎಂದರೆ ಬಟ್ಟೆಯ ಅಂಚಿಗೆ ಹೊಲಿಯುವ ಉಣ್ಣೆಯ ಹುರಿ. ನಮ್ಮ ಕಡೆ ಕುಪ್ಪಸದ ಅಂಚಿಗೆ ಹಚ್ಚುವ ಲೇಸಿನ ಹಾಗೆ. ಒಟ್ಟೋಮನ್ ಕಾಲದಲ್ಲಿ ಗಾಬ್ರೊವೊ ದುಡ್ಡು ಕಂಡದ್ದೇ ಈ ಹುರಿಯಿಂದ. ನೀರಿನ ಚಕ್ರ ಒಂದು, ಅದಕ್ಕೆ ಸಾಲಾಗಿ ಜೋಡಿಸಿದ ಹೆಣೆಯುವ ಯಂತ್ರಗಳು, ಒಂದೊಂದರಲ್ಲೂ ಕುಣಿಯುವ ಬಾಬಿನುಗಳು. ಆ ಟಕಟಕ ಕೇಳುತ್ತ ನಿಂತಾಗ ನನಗೆ ಸ್ಪಷ್ಟವಾಯಿತು: 1882ರ ಕಾರ್ಖಾನೆ ಆಕಾಶದಿಂದ ಬೀಳಲಿಲ್ಲ. ಮಿಲ್ಲು ಬರುವ ಮೊದಲೇ ಈ ಊರಿನವರ ಕೈ ಯಂತ್ರದ ತಾಳಕ್ಕೆ ಹೊಂದಿಕೊಂಡಿತ್ತು.

ಇದನ್ನೇ ತಮ್ಮನಿಗೆ ಹೇಳಲು ತಿರುಗಿದೆ. ನೆನೆದ ಕಲ್ಲಿನ ಮೇಲೆ ಕಾಲು ಜಾರಿತು. ಹಳ್ಳಕ್ಕೆ ಬೀಳಲಿಲ್ಲ, ಆದರೆ ಒಂದು ಕಾಲು ಮಂಡಿಯವರೆಗೂ ಕಾಲುವೆಯಲ್ಲಿ. ಬೂಟಿನೊಳಗೆ ಹಿಮದಂಥ ನೀರು. ಎಟಾರ್‌ಗೆ ನಯವಾದ ಅಟ್ಟೆಯ ಶೂ ಹಾಕಿಕೊಂಡು ಹೋಗಲೇಬೇಡಿ. "ವಾಲ್ಯಾವಿತ್ಸಾಗೆ ಶೂನೂ ಹಾಕಬಹುದಲ್ಲಕ್ಕಾ," ಎಂದ ತಮ್ಮ. ಅವನಿಗೆ ಊರಿನ ಗಾಳಿ ತಾಗಿತ್ತು.

ಪುಣ್ಯಕ್ಕೆ ಕಾಫಿ ಅಂಗಡಿ ಹತ್ತಿರವೇ ಇತ್ತು. ಅಗಲವಾದ ತಟ್ಟೆಯಲ್ಲಿ ಕಾದ ಮರಳು, ಅದರಲ್ಲಿ ಉದ್ದ ಹಿಡಿಯ ಪುಟ್ಟ ಪಾತ್ರೆ. ಮರಳಲ್ಲಿ ಪಾತ್ರೆ ಆಡಿಸುತ್ತ ಆಡಿಸುತ್ತ ಕಾಫಿ ಉಕ್ಕಿಸುತ್ತಾರೆ. ಗಟ್ಟಿ, ಕಪ್ಪು, ತಳದಲ್ಲಿ ಗಸಿ. ನಮ್ಮ ಫಿಲ್ಟರ್ ಕಾಫಿಯ ಮುಂದೆ ನಾನು ಅದನ್ನು ನಿಲ್ಲಿಸುವುದಿಲ್ಲ, ಆದರೆ ನೆನೆದ ಕಾಲಿಗೆ ಅದೇ ಅಮೃತ. ಅಂಗಡಿಯಾಕೆ ನನ್ನ ಸಾಕ್ಸನ್ನು ಒಲೆಯ ಪಕ್ಕ ಒಣಹಾಕಿ, ಒಣಗುವವರೆಗೂ ಎದ್ದು ಹೋಗಲು ಬಿಡಲಿಲ್ಲ. ಬೇಕರಿಯಿಂದ ಬಿಸಿ ಸಿಮಿದ್ ಬನ್ನು ತರಿಸಿದರು. ಕಡಲೆಯಿಂದ ಹುದುಗು ಬರಿಸಿದ್ದಂತೆ, ಪರಿಮಳವೇ ಬೇರೆ.

ನಾಲ್ಕನೇ ದಿನ: ಮರಳಿನ ಪಾಟಿ

ಆ ದಿನ ನನಗೆ ಯಾವ ನಿರೀಕ್ಷೆಯೂ ಇರಲಿಲ್ಲ. ಮಳೆ ನಿಂತಿಲ್ಲ, ಸುಮ್ನೆ ಒಳಗೆ ಕೂರುವ ಜಾಗ ಬೇಕು ಎಂದು ಶಿಕ್ಷಣ ಮ್ಯೂಸಿಯಂಗೆ ಹೋದೆವು. ಅದು ಆಪ್ರಿಲೊವ್ ಹೈಸ್ಕೂಲಿನ ಕಟ್ಟಡದಲ್ಲಿದೆ. ಒಡೆಸ್ಸಾದಲ್ಲಿ ವ್ಯಾಪಾರ ಮಾಡಿ ದುಡ್ಡು ಕಂಡ ಇದೇ ಊರಿನ ವಾಸಿಲ್ ಆಪ್ರಿಲೊವ್, ಸ್ನೇಹಿತರನ್ನು ಕೂಡಿಸಿಕೊಂಡು 1835ರಲ್ಲಿ ಶಾಲೆ ಶುರುಮಾಡಿಸಿದರು. ಚರ್ಚಿನ ಓದಲ್ಲದೆ ಲೋಕದ ವಿಷಯಗಳನ್ನು ಬಲ್ಗೇರಿಯನ್ ಭಾಷೆಯಲ್ಲೇ ಕಲಿಸಿದ ಮೊದಲ ಶಾಲೆ ಇದು. ಮೊದಲ ಮೇಷ್ಟ್ರು ನೆಯೋಫಿತ್ ರಿಲ್ಸ್ಕಿ ಎಂಬ ಸನ್ಯಾಸಿ.

ಒಂದು ಹಳೆಯ ತರಗತಿಯ ಮುಂದೆ ಮ್ಯೂಸಿಯಂನ ಮೇಡಂ ನಿಂತು ವಿವರಿಸಿದರು. ಮೇಷ್ಟ್ರು ಒಬ್ಬರೇ, ಮಕ್ಕಳು ನೂರಾರು. ದೊಡ್ಡ ಹುಡುಗರು ಚಿಕ್ಕವರಿಗೆ ಕಲಿಸುವುದು. ಚಿಕ್ಕವರು ಕಾಗದ ಹಾಳು ಮಾಡದೆ ಮರಳಲ್ಲಿ ಬೆರಳಿನಿಂದ ಅಕ್ಷರ ಬರೆಯುವುದು. ಈ ಪದ್ಧತಿಯ ಹೆಸರು ಬೆಲ್-ಲ್ಯಾಂಕಾಸ್ಟರ್ ಎಂದರು.

ಬೆಲ್ ಎಂದಕೂಡಲೇ ನನ್ನ ಕಿವಿ ನೆಟ್ಟಗಾಯಿತು. ನಾನು ಬಿಎಡ್ ಓದಿದವಳು. ಆಂಡ್ರ್ಯೂ ಬೆಲ್ ಸ್ಕಾಟ್ಲೆಂಡಿನ ಪಾದ್ರಿ. 1789ರ ನಂತರ ಮದ್ರಾಸಿನ ಎಗ್ಮೋರಿನಲ್ಲಿ ಅನಾಥ ಹುಡುಗರ ಶಾಲೆ ನೋಡಿಕೊಳ್ಳುತ್ತಿದ್ದವರು. ಅಲ್ಲಿಯ ಊರ ಶಾಲೆಯ ಮಕ್ಕಳು ಮರಳಲ್ಲಿ ಅಕ್ಷರ ತಿದ್ದುವುದನ್ನು ಕಂಡು, ಅದನ್ನೇ ತಮ್ಮ ಶಾಲೆಗೆ ತಂದು, 1797ರಲ್ಲಿ ಲಂಡನ್ನಿನಲ್ಲಿ ಅಚ್ಚು ಹಾಕಿಸಿದರು. ಅದಕ್ಕೆ 'ಮದ್ರಾಸ್ ಪದ್ಧತಿ' ಎಂದೇ ಹೆಸರು. ಪರೀಕ್ಷೆಗೆ ಬಾಯಿಪಾಠ ಮಾಡಿ ಮರೆತಿದ್ದೆ. ಅದು ಇಂಗ್ಲೆಂಡಿನಿಂದ ಯುರೋಪೆಲ್ಲ ಸುತ್ತಿ ಈ ಬೆಟ್ಟದ ಬುಡಕ್ಕೆ ಬಂದಿದೆ.

ನಮ್ಮ ಅಜ್ಜ ಕೂಲಿಮಠದಲ್ಲಿ ಓದಿದವರು. ಮರಳಲ್ಲಿ ಬರೆದು ಬರೆದು ಬೆರಳ ತುದಿ ಸವೆದಿತ್ತು ಎನ್ನುತ್ತಿದ್ದರು. ಇದನ್ನು ತಮ್ಮ ಜರ್ಮನ್ನಿನಲ್ಲಿ, ನಾನು ಕೈಸನ್ನೆಯಲ್ಲಿ ಹೇಳಿದೆವು. ಮೇಡಂ ಒಂದು ಕ್ಷಣ ಸುಮ್ಮನಿದ್ದು, ಇಲ್ಲಿ ಬರೆಯಿರಿ ಎಂಬಂತೆ ಮೇಜಿನ ಕಡೆ ಕೈ ತೋರಿಸಿದರು. ನಾನು 'ಅ' ಬರೆದೆ. ಅವರು ಪಕ್ಕದಲ್ಲಿ ತಮ್ಮ 'ಅ' ಬರೆದರು.

ಅದೇ ಗುಂಗಿನಲ್ಲಿ ಮನೆಗೆ ಬಂದರೆ ಬೀದಿ ತುಂಬ ಸುಟ್ಟ ಮೆಣಸಿನಕಾಯಿ ವಾಸನೆ. ಮಳೆ ನಿಂತಿತ್ತು. ಬಾಬಾ ಅಂಗಳದಲ್ಲಿ ಕೂತು ಚುಷ್ಕೊಪೆಕ್ ಹಚ್ಚಿದ್ದರು. ಇದು ಕೊಳವೆಯಾಕಾರದ ಕರೆಂಟಿನ ಒಲೆ, ಕೆಂಪು ದೊಣ್ಣೆ ಮೆಣಸಿನಕಾಯಿ ಸುಡುವುದಕ್ಕೆಂದೇ ಮಾಡಿದ್ದು. ಸೆಪ್ಟೆಂಬರ್ ಬಂದರೆ ಮನೆ ಮನೆಯಲ್ಲೂ ಇದೇ ಕೆಲಸ. ಸುಟ್ಟು, ಸಿಪ್ಪೆ ತೆಗೆದು, ಟೊಮೆಟೊ ಸೇರಿಸಿ ಕುದಿಸಿ ಚಳಿಗಾಲಕ್ಕೆ ಲ್ಯುತೆನಿತ್ಸಾ ಎಂಬ ಚಟ್ನಿ ಮಾಡಿಡುತ್ತಾರೆ. ನಾನೂ ಸಿಪ್ಪೆ ತೆಗೆಯಲು ಕೂತೆ. ಬದನೆಕಾಯಿ ಸುಟ್ಟು ಗೊಜ್ಜು ಮಾಡಿದ ಕೈಗೆ ಇದೇನು ಹೊಸದೇ?

ಫೋನಿನ ಅನುವಾದದ ಆ್ಯಪ್ ಮಧ್ಯೆ ಇಟ್ಟುಕೊಂಡು ಮಾತಾಡಿದೆವು. ಬಾಬಾ ಹದಿನೆಂಟನೇ ವಯಸ್ಸಿಗೆ ಬಟ್ಟೆ ಮಿಲ್ಲಿಗೆ ಸೇರಿದವರು. ಆಗ ಎಲ್ಲ ಸರ್ಕಾರದ್ದೇ, 1947ರಲ್ಲೇ ಕಾರ್ಖಾನೆಗಳನ್ನೆಲ್ಲ ರಾಷ್ಟ್ರೀಕರಣ ಮಾಡಿದ್ದರು. ಮೂರು ಪಾಳಿ. 1989ರಲ್ಲಿ ಕಮ್ಯುನಿಸ್ಟ್ ಆಡಳಿತ ಬಿದ್ದ ಮೇಲೆ ಹಳೇ ಮಾರುಕಟ್ಟೆ ಹೋಯಿತು, ಮಿಲ್ಲೂ ಹೋಯಿತು. ಅವರ ಮಗ ಸ್ಪೇನಿನಲ್ಲಿದ್ದಾನೆ. "ನಿಮ್ಮ ಅಪ್ಪನಿಗೂ ಕಿವಿ ಮಂದವಾ?" ಎಂದು ಕೇಳಿದರು. ಹೌದು ಎಂದೆ. ಎಡಗಿವಿ ಮುಟ್ಟಿಕೊಂಡು ತಲೆ ಅಡ್ಡಡ್ಡ ಆಡಿಸಿದರು. ಈ ಸಲ ನನಗೆ ಕೂಡಲೇ ಅರ್ಥವಾಯಿತು.

ಈ ಊರಿನಲ್ಲೇ 1935ರಲ್ಲಿ ಹುಟ್ಟಿದ ಕಲಾವಿದ ಕ್ರಿಸ್ಟೊ ಬಗ್ಗೆ ಕೇಳಿದೆ. ಬಟ್ಟೆ ಕಾರ್ಖಾನೆ ನಡೆಸುತ್ತಿದ್ದವರ ಮಗ. 1957ರಲ್ಲಿ ಪಶ್ಚಿಮಕ್ಕೆ ತಪ್ಪಿಸಿಕೊಂಡು ಹೋಗಿ, ಹೆಂಡತಿ ಜಾನ್-ಕ್ಲೋಡ್ ಜೊತೆ ಸೇರಿ 1995ರಲ್ಲಿ ಬರ್ಲಿನ್ನಿನ ಸಂಸತ್ ಭವನಕ್ಕೇ ಬಟ್ಟೆ ಸುತ್ತಿದರು. ಒಂದು ಲಕ್ಷ ಚದರ ಮೀಟರಿಗೂ ಜಾಸ್ತಿ ಬಟ್ಟೆ. ಬಾಬಾ ನಿಟ್ಟುಸಿರು ಬಿಟ್ಟರು. "ಅಷ್ಟು ಬಟ್ಟೆಯಲ್ಲಿ ಎಷ್ಟು ಪರದೆ ಆಗುತ್ತಿತ್ತು!"

ಐದನೇ ದಿನ: ಮಂಜು ಮತ್ತು ಎಮ್ಮೆ ಮೊಸರು

ಶಿಪ್ಕಾ ಕಣಿವೆಗೆ ಟ್ಯಾಕ್ಸಿ ಮಾಡಿದೆವು, ಕಾಯುವ ಹೊತ್ತಿಗೂ ಸೇರಿಸಿ ಮೊದಲೇ ಬೆಲೆ ಮಾತಾಡಿಕೊಂಡು. ಬೀಚ್ ಮರಗಳ ಕಾಡಿನಲ್ಲಿ ಸುತ್ತಿ ಸುತ್ತಿ ಏರುವ ರಸ್ತೆ, ನಮ್ಮ ಆಗುಂಬೆಯ ಹಾಗೆ ತಿರುವು. 1877ರ ಆಗಸ್ಟಿನಲ್ಲಿ ರಷ್ಯನ್ನರೂ ಬಲ್ಗೇರಿಯಾದ ಸ್ವಯಂಸೇವಕರೂ ಒಟ್ಟೋಮನ್ ಸೇನಾಪತಿ ಸುಲೇಮಾನ್ ಪಾಷಾನ ದೊಡ್ಡ ಸೈನ್ಯವನ್ನು ಇಲ್ಲಿ ತಡೆದು ನಿಲ್ಲಿಸಿದರು. ಗುಂಡು ಮುಗಿದ ಮೇಲೆ ಕಲ್ಲು ಎಸೆದರು. 1934ರಲ್ಲಿ ತೆರೆದ ಕಲ್ಲಿನ ಗೋಪುರ ಶಿಖರದ ಮೇಲಿದೆ. ಸುಮಾರು 900 ಮೆಟ್ಟಿಲು. ಏದುಸಿರು ಬಿಡುತ್ತ ಹತ್ತಿದೆವು. ಮೇಲೆ ಹೋದರೆ ಬರೀ ಮಂಜು. ಗೋಪುರದ ಬಾಗಿಲಿಗೆ ಕಾವಲಿರುವ ಕಂಚಿನ ಸಿಂಹವೇ ಮೂಗಿಗೆ ಬಡಿಯುವಷ್ಟು ಹತ್ತಿರ ಹೋದಮೇಲೆ ಕಂಡಿತು. ಪ್ರಸಿದ್ಧ ನೋಟ ಹೇಗಿದೆ ಎಂದು ನನ್ನನ್ನು ಕೇಳಬೇಡಿ.

ಕೆಳಗೆ ಕಣಿವೆಯ ಅಂಗಡಿಯಲ್ಲಿ ಎಮ್ಮೆ ಮೊಸರು ಸಿಕ್ಕಿತು. ಮಣ್ಣಿನ ಬಟ್ಟಲಲ್ಲಿ, ಚಮಚ ನೆಟ್ಟರೆ ನಿಲ್ಲುವಷ್ಟು ಗಟ್ಟಿ, ಮೇಲೆ ಕಾಡುಹಣ್ಣಿನ ಜಾಮು. ನಾನು ಜಾಮು ಪಕ್ಕಕ್ಕೆ ಸರಿಸಿ ಉಪ್ಪು ಕೇಳಿದೆ. ಅಂಗಡಿಯವ ಮೊದಲು ನನ್ನನ್ನು ನೋಡಿದ, ಆಮೇಲೆ ತಮ್ಮನನ್ನು. ಉಪ್ಪು ಕೊಟ್ಟು ನಾನು ತಿನ್ನುವುದನ್ನೇ ನಿಂತು ನೋಡಿದ.

ಮರುದಿನ ಬೆಳಿಗ್ಗೆ ಹೊರಡುವಾಗ ಬಾಬಾ ಒಂದು ಜಾಡಿ ಲ್ಯುತೆನಿತ್ಸಾ ಕೊಟ್ಟರು. ದುಡ್ಡು ಕೊಡಲು ಹೋದರೆ ಕೈ ತಳ್ಳಿದರು. ಆಮೇಲೆ ಫೋನಿಗೆ ಏನೋ ಹೇಳಿದರು. ಫೋನು ಅದನ್ನು ಗಂಭೀರವಾದ ದನಿಯಲ್ಲಿ ಓದಿತು: "ಚಟ್ನಿ ಉಚಿತ. ಜಾಡಿ ವಾಪಸ್ ಕಳಿಸಿ."

ಜಾಡಿ ವಿಮಾನದಲ್ಲಿ ಸ್ವಲ್ಪ ಸೋರಿತು. ಒಂದು ರೇಷ್ಮೆ ಸೀರೆಯ ಸೆರಗಿಗೆ ಈಗಲೂ ಕೆಂಪು ಕಲೆ ಇದೆ. ಲ್ಯುತೆನಿತ್ಸಾವನ್ನು ಅಪ್ಪ ಬೆಣ್ಣೆ ದೋಸೆಗೆ ಹಚ್ಚಿಕೊಂಡು ನಾಲ್ಕೇ ದಿನದಲ್ಲಿ ಮುಗಿಸಿದರು. ಜಾಡಿ ತೊಳೆದು ಇಟ್ಟಿದ್ದೇನೆ. ಪಾರ್ಸೆಲ್ ಖರ್ಚು ವಿಚಾರಿಸಿದಾಗ ಗಾಬರಿಯಾಯಿತು. "ಅಷ್ಟು ದುಡ್ಡು ಕೊಟ್ಟು ಖಾಲಿ ಜಾಡಿ ಯಾರಾದ್ರೂ ಕಳಿಸ್ತಾರಾ?" ಎಂದರು ಅಪ್ಪ. ಅದಕ್ಕೆ ಅಮ್ಮ ಈಗ ಅದರಲ್ಲಿ ತುಂಬಿಸಿ ಕಳಿಸಲು ಬ್ಯಾಡಗಿ ಮೆಣಸಿನಕಾಯಿ ಒಣಹಾಕಿದ್ದಾರೆ.